ಮಳೆ ಏನಂತಪ್ಪಾ?

ನವೆಂಬರ್ ಬಂತು ಅಂದ್ರೆ ಅಪ್ಪನ ಫೋನ್ ಬರೋ ಹೊತ್ತು ಬದಲಾಗುತ್ತೆ. ಬೇರೆ ತಿಂಗಳಲ್ಲಿ ರಾತ್ರಿ ಊಟ ಆದಮೇಲೆ ಮಾಡ್ತಾರೆ. ನವೆಂಬರಿನಲ್ಲಿ ಮಾತ್ರ ಬೆಳಗ್ಗೆ ಸರಿಯಾಗಿ ಎಂಟು ಮೂವತ್ತೈದಕ್ಕೆ. ಯಾಕೆ ಆ ಹೊತ್ತಿಗೇ ಅನ್ನೋದನ್ನ ಆಮೇಲೆ ಹೇಳ್ತೀನಿ. ಆಗ "ತಿಂಡಿ ಆಯ್ತಾ?", "ಚೆನ್ನಾಗಿದೀಯಾ?" ಯಾವುದೂ ಇರೋದಿಲ್ಲ. ಒಂದೇ ಪ್ರಶ್ನೆ: "ಮಳೆ ಏನಂತಪ್ಪಾ?"

ನಮ್ಮದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಹತ್ತಿಪ್ಪತ್ತು ತೆಂಗಿನ ಮರ, ಎರಡು ಹಸು, ಮೂರು ಎಕರೆ ಕೆಂಪು ಮಣ್ಣಿನ ಹೊಲ. ಹೊಲಕ್ಕೆ ನೀರಾವರಿ ಇಲ್ಲ, ಪೂರ್ತಿ ಮಳೆ ನಂಬಿದ ರಾಗಿ. ನಾನು ಬೆಂಗಳೂರಲ್ಲಿ ಕೋಡ್ ಬರೀತೀನಿ. ಆದರೆ ಊರಲ್ಲಿ ನನ್ನ ಕೆಲಸ ಏನು ಅಂತ ಕೇಳಿದ್ರೆ, "ಅವನು ಮೋಡ ನೋಡ್ತಾನೆ" ಅಂತಾರೆ. ಈ ಬಿರುದು ಸಿಕ್ಕಿದ್ದು ಹೆಮ್ಮೆಯ ಕಾರಣಕ್ಕಲ್ಲ. ಇವತ್ತು ಆ ಕಥೆ ಹೇಳ್ತೀನಿ.

ಮೂವತ್ತು ಪರ್ಸೆಂಟ್

2021ರ ನವೆಂಬರ್. ಆಫೀಸ್ ಇನ್ನೂ ತೆರೆದಿರಲಿಲ್ಲ. ನಾನು ಊರಲ್ಲೇ, ರಾಗಿ ಚೀಲ ಇಡೋ ಕೋಣೆಯ ಮೂಲೆಯಲ್ಲಿ ಟೇಬಲ್ ಹಾಕ್ಕೊಂಡು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮೀಟಿಂಗ್ ಮಾಡ್ತಿದ್ದೆ. ಹೊಲದಲ್ಲಿ ರಾಗಿ ಬಲಿತು ನಿಂತಿತ್ತು. ಒಂದು ಸಂಜೆ ಅಪ್ಪ ಬಾಗಿಲಲ್ಲಿ ನಿಂತು, ನನ್ನ ಮೀಟಿಂಗ್ ಮುಗಿಯೋವರೆಗೂ ಕಾದು, ಕೇಳಿದ್ರು: "ನಾಳೆಗೆ ಆಳು ಸಿಕ್ಕಿದ್ದಾರೆ. ಕುಯ್ಸಿಬಿಡೋಣ ಅಂತ. ನಿನ್ನ ಫೋನಲ್ಲಿ ಮಳೆ ಏನ್ ತೋರಿಸುತ್ತೆ ನೋಡು."

ರಾಗಿ ಕೊಯ್ಲು ಕಾಣದವರಿಗೆ ಒಂದು ಮಾತು. ಕೊಯ್ದ ರಾಗಿಯನ್ನ ಅವತ್ತೇ ಮನೆಗೆ ತರೋದಿಲ್ಲ. ಹೊಲದಲ್ಲೇ ಸಾಲಾಗಿ ಅರಿ ಹಾಕಿ ಮೂರ್ನಾಲ್ಕು ದಿನ ಒಣಗಿಸಬೇಕು. ಆಮೇಲೆ ಕಂತೆ ಕಟ್ಟಿ ಮೆದೆ ಒಟ್ಟೋದು. ಮೆದೆ ಒಟ್ಟಿದ ಮೇಲೆ ಸಣ್ಣಪುಟ್ಟ ಮಳೆಗೆ ಹೆದರಬೇಕಾಗಿಲ್ಲ. ನೆಲದ ಮೇಲೆ ಅರಿ ಬಿದ್ದಿರೋ ಆ ಮೂರ್ನಾಲ್ಕು ದಿನವೇ ಗಂಡಾಂತರ.

ನಾನು ಆ್ಯಪ್ ತೆಗೆದು ನೋಡಿದೆ. ಮುಂದಿನ ಮೂರೂ ದಿನ ಶೇ. 30 ಅಂತಿತ್ತು. ಮೋಡದ ಚಿತ್ರ, ಅದರ ಕೆಳಗೆ ಎರಡು ಹನಿ. "ಮೂವತ್ತೇ ಇರೋದು ಅಪ್ಪಾ, ಕುಯ್ಸಿ" ಅಂದೆ. ಹೇಳಿ ಮತ್ತೆ ಲ್ಯಾಪ್‌ಟಾಪ್ ಕಡೆ ತಿರುಗಿದೆ. ಹತ್ತು ಸೆಕೆಂಡಿನ ಕೆಲಸ.

ಮೂರನೇ ದಿನ ರಾತ್ರಿ ಮಳೆ ಶುರುವಾಯ್ತು. ಗುಡುಗಿಲ್ಲ, ಸಿಡಿಲಿಲ್ಲ, ಸುಮ್ಮನೆ ಜಡಿಮಳೆ. ಆ ತಿಂಗಳು ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ ಆಗಿ, ಎರಡು ಸಲ, 11ರಂದು ಮತ್ತು 19ರಂದು, ತಮಿಳುನಾಡಿನ ಉತ್ತರ ಕರಾವಳಿ ದಾಟಿದವು. ನಮ್ಮ ದಕ್ಷಿಣ ಒಳನಾಡಿನಲ್ಲಿ ಆ ನವೆಂಬರ್ ವಾಡಿಕೆಗಿಂತ ಹಲವು ಪಟ್ಟು ಮಳೆ ಸುರೀತು. ನಿಮಗೂ ನೆನಪಿರಬಹುದು, ಟೊಮೆಟೊ ಬೆಲೆ ಗಗನಕ್ಕೇರಿದ ಕಾಲ ಅದು. ನಮ್ಮ ಹೊಲದಲ್ಲಿ ಅರಿ ಹಾಕಿದ್ದ ರಾಗಿ ತೆನೆಯಲ್ಲೇ ಮೊಳಕೆ ಒಡೀತು. ಅಮ್ಮ ಕೈಗೆ ಸಿಕ್ಕಿದಷ್ಟನ್ನು ಪಡಸಾಲೆಗೆ ತಂದು ಫ್ಯಾನ್ ಹಾಕಿ ಒಣಗಿಸಿದರು. ಮನೆ ತುಂಬ ಮುಗ್ಗಲು ವಾಸನೆ. ಇಪ್ಪತ್ತೈದು ಕ್ವಿಂಟಲ್ ಆಗಬಹುದು ಅಂದುಕೊಂಡಿದ್ದು ಒಂಬತ್ತಕ್ಕೆ ನಿಂತಿತು. ಅದೂ ಕಪ್ಪು ರಾಗಿ. ಬೆಂಬಲ ಬೆಲೆ ಕ್ವಿಂಟಲ್‌ಗೆ 3,377 ರೂಪಾಯಿ ಇದ್ದ ವರ್ಷ ಅದು. ಹೋದ ಹದಿನಾರು ಕ್ವಿಂಟಲ್ ಲೆಕ್ಕ ಹಾಕಿದ್ರೆ ಐವತ್ತನಾಲ್ಕು ಸಾವಿರ. ಹೆಚ್ಚು ಕಡಿಮೆ ನನ್ನ ಆಗಿನ ಒಂದು ತಿಂಗಳ ಸಂಬಳ. ಅಪ್ಪನಿಗೆ ಅದು ಉಕ್ಕೆ ಹೊಡೆದಾಗಿನಿಂದ ಕೊಯ್ಲಿನವರೆಗಿನ ದುಡಿಮೆ.

ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿರ್ತಿತ್ತು. ಪಕ್ಕದ ಮನೆಯವರು "ಏನ್ ಗೌಡ್ರೇ, ಇಷ್ಟು ಮೋಡ ಇಟ್ಕೊಂಡು ಕುಯ್ಸಿದ್ರಲ್ಲ" ಅಂದಾಗ, "ಹುಡುಗ ನೋಡಿದ್ದ, ಫೋನಲ್ಲಿ ಇರ್ಲಿಲ್ಲ" ಅಂದ್ರು. ನನ್ನ ಪರವಾಗಿ ಆಡಿದ ಮಾತು ಅದು. ಕೋಣೆಯೊಳಗಿಂದ ಕೇಳಿಸಿಕೊಂಡೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ಫೋನಲ್ಲಿ ಮಳೆ ಇತ್ತು. ಓದಕ್ಕೆ ಬರದಿದ್ದವನು ನಾನು.

ಎಂಜಿನಿಯರ್ ಮಾಡಿದ ತಪ್ಪು

ಆ ತಪ್ಪನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡ್ತಿರಬಹುದು.

ಮೊದಲನೇದು, ಶೇ. 30 ಅಂದ್ರೆ "ಮಳೆ ಇಲ್ಲ" ಅಂತಲ್ಲ. ಇಂಥ ನೂರು ದಿನಗಳಲ್ಲಿ ಸುಮಾರು ಮೂವತ್ತು ದಿನ ಮಳೆ ಬರುತ್ತೆ ಅಂತ. ಆ ಮೂವತ್ತರಲ್ಲಿ ನಮ್ಮದೂ ಒಂದಾದ್ರೆ ಮುನ್ಸೂಚನೆ ಸುಳ್ಳಾಗಲಿಲ್ಲ, ಅದು ಹೇಳಿದ್ದೇ ಆಯ್ತು. ಬದಲಿಗೆ ಶೇ. 30 ಅಂದ ದಿನ ಒಂದು ಸಲವೂ ಮಳೆ ಬರದಿದ್ರೆ, ಆಗ ಆ ಆ್ಯಪ್‌ನಲ್ಲಿ ಬಗ್ ಇದೆ ಅಂತ ಅರ್ಥ.

ಎರಡನೇದು ಇನ್ನೂ ನಾಚಿಕೆಯದು. ಅಪ್ಪನಿಗೆ ಬೇಕಿದ್ದದ್ದು ಒಂದು ದಿನದ ಉತ್ತರ ಅಲ್ಲ. ಮೂರು ದಿನ ಸತತವಾಗಿ ಒಣ ಇರಬೇಕಿತ್ತು. ಒಂದು ದಿನ ಮಳೆ ಬರದಿರೋ ಸಾಧ್ಯತೆ 0.7. ಮೂರೂ ದಿನ ಬರದಿರೋ ಸಾಧ್ಯತೆ 0.7 ಗುಣಿಸು 0.7 ಗುಣಿಸು 0.7, ಅಂದ್ರೆ 0.343. ಹಾಗಾದ್ರೆ ಮೂರು ದಿನದೊಳಗೆ ಒಮ್ಮೆಯಾದರೂ ಮಳೆ ಬರೋ ಸಾಧ್ಯತೆ ಶೇ. 66ರ ಹತ್ತಿರ! ಹವಾಮಾನದಲ್ಲಿ ಇವತ್ತಿನ ದಿನಕ್ಕೂ ನಾಳೆಗೂ ನಂಟಿರೋದ್ರಿಂದ ಲೆಕ್ಕ ಇಷ್ಟು ಸಲೀಸಾಗಿರಲ್ಲ ನಿಜ. ಆದ್ರೂ ಅದು ಮೂವತ್ತಂತೂ ಅಲ್ಲ. ಸೆಕೆಂಡ್ ಪಿಯುಸಿ ಗಣಿತ ಇದು. ಪರೀಕ್ಷೆಯಲ್ಲಿ ಇದೇ ಲೆಕ್ಕ ಬಂದಿದ್ರೆ ಬಿಡಿಸ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ಕೇಳಿದಾಗ ಹೊಳೀಲಿಲ್ಲ.

ಮೂರನೇದು, ಆ ಆ್ಯಪ್ ನಮ್ಮೂರನ್ನ ನೋಡಿಯೇ ಇರಲಿಲ್ಲ. ಹವಾಮಾನದ ಮಾದರಿಗಳು ಭೂಮಿಯನ್ನ ಚೌಕಳಿಗಳಾಗಿ ಕತ್ತರಿಸಿ ಲೆಕ್ಕ ಹಾಕ್ತವೆ. ನಮ್ಮ ದೇಶದ ಮುಖ್ಯ ಜಾಗತಿಕ ಮಾದರಿಯ ಚೌಕ ಮೊನ್ನೆಮೊನ್ನೆವರೆಗೆ 12 ಕಿ.ಮೀ. ಅಗಲದ್ದು. 2025ರ ಮೇ 26ರಂದು ಬಿಡುಗಡೆಯಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಅದು 6 ಕಿ.ಮೀ.ಗೆ ಇಳಿದಿದೆ. ದೊಡ್ಡ ಹೆಜ್ಜೆ ಅದು. ಆದ್ರೂ ಆರು ಕಿ.ಮೀ. ಅಂದ್ರೆ ನಮ್ಮ ಊರು, ಪಕ್ಕದೂರು, ನಡುವಿನ ಕೆರೆ, ಎಲ್ಲಾ ಸೇರಿ ಒಂದೇ ಚುಕ್ಕಿ. ನಾವು ಆ್ಯಪ್‌ನಲ್ಲಿ ಊರಿನ ಹೆಸರು ಟೈಪ್ ಮಾಡಿದ ತಕ್ಷಣ ಅದು ನಮ್ಮೂರಿನ ಆಕಾಶ ನೋಡಿ ಹೇಳ್ತಿದೆ ಅನ್ನಿಸುತ್ತೆ. ಹಾಗಿಲ್ಲ.

ಬಾಟ್ಲಿ ಕತೆ

ಡಿಸೆಂಬರಿನಲ್ಲಿ ಒಂದು ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟ್ಲಿ ತಂದೆ. ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಮಾಡಿ ಲಾಳಿಕೆ ಥರ ಒಳಗೆ ಕೂರಿಸಿದೆ. ತಳದಲ್ಲಿ ಉಬ್ಬುತಗ್ಗು ಇರುತ್ತಲ್ಲ, ಅಲ್ಲಿಗೆ ಸಣ್ಣ ಜಲ್ಲಿ ಹಾಕಿ, ಜಲ್ಲಿ ಮುಳುಗುವಷ್ಟು ನೀರು ಹೊಯ್ದು, ಆ ಗೆರೆಗೆ ಸೊನ್ನೆ ಅಂತ ಗುರುತು ಮಾಡಿದೆ. ಪಕ್ಕಕ್ಕೆ ಸ್ಕೂಲ್ ಸ್ಕೇಲ್ ಅಂಟಿಸಿದೆ. ಮಳೆಮಾಪಕ ರೆಡಿ. ಬಾಟ್ಲಿಯ ಗೋಡೆ ನೇರವಾಗಿದ್ರೆ ಸಾಕು, ನಿಂತ ನೀರಿನ ಎತ್ತರವೇ ಮಳೆಯ ಮಿಲಿಮೀಟರ್. ಮರ, ಗೋಡೆ, ಸೂರಿನಿಂದ ದೂರ ಬಯಲಲ್ಲಿ ಇಡಬೇಕು ಅಷ್ಟೆ. ಮೊದಲ ವಾರ ಕೋಳಿ ಬೀಳಿಸಿತು. ಆಮೇಲೆ ಸುತ್ತ ನಾಲ್ಕು ಇಟ್ಟಿಗೆ ಇಟ್ವಿ.

ನಮ್ಮಜ್ಜಿ ಅಂಗಳದ ಒರಳುಕಲ್ಲು ನೋಡಿ ಮಳೆ ಹೇಳ್ತಿದ್ರಂತೆ: ಒರಳು ಅರ್ಧ ತುಂಬಿತು, ಒರಳು ತುಂಬಿ ಹರೀತು ಅಂತ. ಅಪ್ಪ ಬಾಟ್ಲಿ ನೋಡಿ ಮೊದಲು ನಕ್ಕರು, ಆಮೇಲೆ, "ಅಮ್ಮನ ಒರಳೇ ಇದು, ಪ್ಲಾಸ್ಟಿಕ್ಕಿದು" ಅಂದ್ರು.

ಮಿಲಿಮೀಟರ್ ಅಂದ್ರೆ ಚಿಕ್ಕದು ಅನ್ನಿಸುತ್ತೆ ಅಲ್ವಾ? ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಬಿದ್ರೆ ಅದು 1 ಮಿ.ಮೀ. ಮಳೆ. ಒಂದು ಎಕರೆಗೆ 1 ಮಿ.ಮೀ. ಅಂದ್ರೆ ನಾಲ್ಕು ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು. 25 ಮಿ.ಮೀ. ಬಿದ್ರೆ ಎಕರೆಗೆ ಒಂದು ಲಕ್ಷ ಲೀಟರ್. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಈ ಲೆಕ್ಕ ಅರ್ಥ ಆಗುತ್ತೆ: ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್, ಒಂದು ಎಕರೆಗೆ, ಒಂದು ರಾತ್ರಿಯಲ್ಲಿ, ಬಿಟ್ಟಿ.

ಅಳೆಯೋ ಹೊತ್ತು ಬೆಳಗ್ಗೆ 8.30. ಹವಾಮಾನ ಇಲಾಖೆಯ ಮಳೆ ದಿನ ಮುಗಿಯೋದು ಆ ಹೊತ್ತಿಗೇ. ನಮ್ಮ ವೃತ್ತಿಯವರಿಗೆ ಗೊತ್ತಾಗುವ ಹಾಗೆ ಹೇಳಬೇಕು ಅಂದ್ರೆ ಅದು ಯುಟಿಸಿ 03.00 ಗಂಟೆ. ಪೇಪರಿನಲ್ಲಿ "ಸೋಮವಾರ ಬೆಳಗ್ಗೆ 8.30ಕ್ಕೆ ಅಂತ್ಯಗೊಂಡ 24 ಗಂಟೆ" ಅಂತ ಓದ್ತೀವಲ್ಲ, ಅದೇ. ಭಾನುವಾರ ರಾತ್ರಿಯ ಮಳೆ ಸೋಮವಾರದ ಲೆಕ್ಕಕ್ಕೆ ಬರುತ್ತೆ. ಇಲಾಖೆಯ ಅಂಕಿಗೂ ನಮ್ಮದಕ್ಕೂ ಹೋಲಿಸಬೇಕು ಅಂದ್ರೆ ನಾವೂ ಅದೇ ಹೊತ್ತು ಹಿಡೀಬೇಕು.

2022ರಲ್ಲಿ ಆಫೀಸ್ ತೆರೆದು ನಾನು ಬೆಂಗಳೂರಿಗೆ ವಾಪಸ್ ಬಂದಾಗ, ಬಾಟ್ಲಿ ಅಪ್ಪನ ಪಾಲಿಗೆ ಬಂತು. ಗೋಡೆ ಕ್ಯಾಲೆಂಡರಿನ ಆಯಾ ತಾರೀಕಿನ ಚೌಕದಲ್ಲಿ ಪೆನ್ಸಿಲ್‌ನಲ್ಲಿ ಬರೀತಾರೆ. ಅವರು ಮದುವೆ, ತಿಥಿ ಅಂತ ಹೋದ ದಿನ ಅಮ್ಮ ಬರೀತಾರೆ. ಅಮ್ಮನಿಗೆ ದಶಮಾಂಶ ಇಷ್ಟವಿಲ್ಲ, "ಹನ್ನೆರಡು ಚಿಲ್ರೆ" ಅಂತಾರೆ. ಎಂಟು ಮೂವತ್ತೈದರ ಫೋನಿನ ಗುಟ್ಟು ಇದೇ. ನವೆಂಬರಿನಲ್ಲಿ ಬಾಟ್ಲಿ ನೋಡಿದ ಕೂಡಲೇ ಮಾಡ್ತಾರೆ.

ಬಾಟ್ಲಿ ಕಲಿಸಿದ್ದು

ಮೊದಲನೇ ಪಾಠ, ಮಳೆ ಹಂಚಿಕೊಂಡು ಬರಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಂತ ಯಲಹಂಕದಲ್ಲಿದೆ. 1988ರಲ್ಲಿ ಬರ ಉಸ್ತುವಾರಿಗೆ ಅಂತ ಶುರುವಾದದ್ದು. ಅವರು ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಹಾಕಿದ್ದಾರೆ, ಅವು ತಾವಾಗೇ ಅಂಕಿ ಕಳಿಸ್ತವೆ. ಇಷ್ಟು ಒತ್ತಾಗಿ ಮಳೆ ಅಳೆಯೋ ರಾಜ್ಯಗಳು ದೇಶದಲ್ಲಿ ಕಡಿಮೆ. ನಮ್ಮ ಪಂಚಾಯಿತಿಯ ಮಾಪಕ ನಮ್ಮ ಹೊಲದಿಂದ ನಾಲ್ಕು ಕಿ.ಮೀ. ದೂರ. ಒಂದು ಆಗಸ್ಟ್ ಸಂಜೆ ಅಲ್ಲಿ 31 ಮಿ.ಮೀ., ನಮ್ಮ ಬಾಟ್ಲಿಯಲ್ಲಿ 4. ಮುನ್ಸೂಚನೆ "ಗುಡುಗು ಸಹಿತ ಮಳೆ" ಅಂತಿತ್ತು. ಅದು ಸರಿಯೋ ತಪ್ಪೋ? ಆ ಊರಿನವರನ್ನ ಕೇಳಿದ್ರೆ ಸರಿ, ನಮ್ಮನ್ನ ಕೇಳಿದ್ರೆ ಸುಳ್ಳು.

ಇಲಾಖೆಯ ಬುಲೆಟಿನ್ ಈ ಕಷ್ಟವನ್ನ ಬಲ್ಲದು. "ಒಂದೆರಡು ಕಡೆ" ಅಂತ ಬರೆದ್ರೆ ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಡೆ ಮಳೆ ಆಗೋದಿಲ್ಲ ಅಂತ ಲೆಕ್ಕ. ಅಲ್ಲಿಂದ "ಕೆಲವು ಕಡೆ" ಅಂದ್ರೆ ಅರ್ಧದವರೆಗೆ, "ಹಲವು ಕಡೆ" ಅಂದ್ರೆ ಮುಕ್ಕಾಲಿನವರೆಗೆ, "ಬಹುತೇಕ ಕಡೆ" ಅಂದ್ರೆ ಅದಕ್ಕೂ ಮೇಲೆ. ನಾವು ಈ ಮಾತುಗಳನ್ನ ಶೃಂಗಾರಕ್ಕೆ ಹಾಕಿದ್ದು ಅಂದ್ಕೊಂಡು ಹಾರಿಸಿ ಓದ್ತೀವಿ. ಅಪ್ಪನಿಗೆ ಬೇಕಾದ ಮಾಹಿತಿ ಅಲ್ಲೇ ಇರುತ್ತೆ.

ಪ್ರಮಾಣಕ್ಕೂ ಹೀಗೇ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದ್ರೆ "ಭಾರಿ", 115.6ರಿಂದ "ಅತಿ ಭಾರಿ", 204.5ರಿಂದ ಅದಕ್ಕೂ ಮೇಲಿನ ವರ್ಗ. 2024ರ ಜೂನ್ 2ರಂದು ಬೆಂಗಳೂರಲ್ಲಿ 111.1 ಮಿ.ಮೀ. ಬಿತ್ತು. 1891ರ ಜೂನ್ 16ರ 101.6 ಮಿ.ಮೀ. ದಾಖಲೆ 133 ವರ್ಷದ ಮೇಲೆ ಮುರೀತು. ಮರಗಳು ಉರುಳಿದವು, ಅಂಡರ್‌ಪಾಸ್‌ಗಳು ತುಂಬಿದವು. ಇಲಾಖೆಯ ಪಟ್ಟಿಯಲ್ಲಿ ಅದು ಬರೀ "ಭಾರಿ", "ಅತಿ ಭಾರಿ" ಅಲ್ಲ! ಆಗುಂಬೆಯವರಿಗೆ ಜುಲೈನಲ್ಲಿ ಅಂಥ ದಿನ ವಿಶೇಷವೇ ಅಲ್ಲ. ಅಳತೆ ಒಂದೇ, ನೆಲ ಬೇರೆ.

ಬಣ್ಣದ ಅಲರ್ಟ್ ಬಗ್ಗೆಯೂ ಒಂದು ಮಾತು. ನಮ್ಮ ಆಫೀಸ್ ಗ್ರೂಪ್‌ನಲ್ಲಿ "ಯೆಲ್ಲೋ ಅಂತೆ, ಡಬ್ಲ್ಯುಎಫ್‌ಎಚ್ ತಗೊಳ್ಳಾಣ್ವಾ?" ಅಂತ ಮೆಸೇಜ್ ಬರುತ್ತೆ. ಆ ಬಣ್ಣ ನಾವು ಏನು ಮಾಡ್ಬೇಕು ಅನ್ನೋದಕ್ಕೆ ಸಂಬಂಧಿಸಿದ್ದು. ಹಳದಿ ಅಂದ್ರೆ ಗಮನಿಸ್ತಿರಿ, ಕಿತ್ತಳೆ ಅಂದ್ರೆ ಸಿದ್ಧರಾಗಿ, ಕೆಂಪು ಅಂದ್ರೆ ಕೆಲಸ ಶುರು ಮಾಡಿ. ಆನ್‌ಕಾಲ್ ಡ್ಯೂಟಿ ಮಾಡಿದವರಿಗೆ ಇದನ್ನ ವಿವರಿಸಬೇಕಿಲ್ಲ.

ಎರಡನೇ ಪಾಠ ಅಪ್ಪನದು. ಮಿ.ಮೀ. ಪಕ್ಕದಲ್ಲಿ ಅವರು ತಮ್ಮ ಪದವನ್ನೂ ಬರೆಯೋಕೆ ಶುರು ಮಾಡಿದರು. "3, ಧೂಳು ಆರ್ತು." "9, ಮೇಲ್ಮಣ್ಣು." "22, ಹದ." ಎರಡು ವರ್ಷದ ಕ್ಯಾಲೆಂಡರ್ ಒಟ್ಟಿಗೆ ಇಟ್ಟು ನೋಡಿದಾಗ, ನಮ್ಮ ಹೊಲದಲ್ಲಿ ಅಪ್ಪ "ಹದ" ಅಂತ ಬರೆದ ದಿನಗಳೆಲ್ಲ ಇಪ್ಪತ್ತರ ಆಚೆ ಈಚೆ, ಅಥವಾ ಎರಡು ದಿನ ಕೂಡಿಸಿದ್ರೆ ಅಷ್ಟು. ಮಣ್ಣನ್ನ ಕೈಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿ ಹೇಳೋ ಮನುಷ್ಯ ಅವರು. ಬಾಟ್ಲಿ ನೋಡಿ ಹೇಳಿದ್ದಲ್ಲ, ಮಣ್ಣು ನೋಡಿದ ಮೇಲೇ ಬಾಟ್ಲಿ ಕಡೆ ಹೋಗೋದು. ಈಗ ಮುನ್ಸೂಚನೆಯಲ್ಲಿ 5 ಮಿ.ಮೀ. ಅಂತ ಕಂಡ್ರೆ, "ಅಪ್ಪಾ, ಮಳೆ ಬರುತ್ತೆ, ಆದ್ರೆ ಬಿತ್ತೋ ಮಳೆ ಅಲ್ಲ" ಅಂತ ಹೇಳೋದಕ್ಕೆ ನನಗೆ ಧೈರ್ಯ ಬಂದಿದೆ.

ಇದೇ ಕಾರಣಕ್ಕೆ ಮುಂಗಾರು ಕೇರಳ ಮುಟ್ಟಿದ ಸುದ್ದಿಗೆ ನಾನೀಗ ಸ್ಟೇಟಸ್ ಹಾಕಲ್ಲ. 2025ರಲ್ಲಿ ಜೂನ್ 1ರ ಬದಲು ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದಿದ್ದು ಅದೇ ಮೊದಲು. ಸಂತೋಷವೇ. ಆದ್ರೆ ನಮ್ಮ ಕಡೆ ಜೂನ್, ಜುಲೈನಲ್ಲಿ ಘಟ್ಟ ದಾಟಿದ ಗಾಳಿಯೇ ಜಾಸ್ತಿ, ಮಳೆ ಕಡಿಮೆ. ನಮ್ಮ ರಾಗಿಯ ಹಣೆಬರಹ ಬರೆಯೋದು ಆಗಸ್ಟ್‌ನಿಂದ ಅಕ್ಟೋಬರ್.

ಅಪ್ಪನ ಕ್ಯಾಲೆಂಡರ್

ಅಪ್ಪನ ಹತ್ತಿರ ಇನ್ನೊಂದು ಮುನ್ಸೂಚನೆ ಇದೆ, ಅದೇ ಗೋಡೆ ಕ್ಯಾಲೆಂಡರಿನಲ್ಲಿ: ಮಳೆ ನಕ್ಷತ್ರ. ಸೂರ್ಯ ಒಂದೊಂದು ನಕ್ಷತ್ರದಲ್ಲಿರೋ ಹದಿಮೂರು ಹದಿನಾಲ್ಕು ದಿನಕ್ಕೆ ಆ ಹೆಸರಿನ ಮಳೆ. ಮೇ ಕೊನೆಗೆ ರೋಹಿಣಿ, ಜೂನ್ ಎರಡನೇ ವಾರಕ್ಕೆ ಮೃಗಶಿರ, ಆಮೇಲೆ ಆರಿದ್ರ, ಪುನರ್ವಸು, ಪುಷ್ಯ ಅಂತ ಸಾಗಿ ಅಕ್ಟೋಬರ್ ಕೊನೆಗೆ ಸ್ವಾತಿ, ನವೆಂಬರ್ ಮೊದಲ ವಾರದ ಕೊನೆಗೆ ವಿಶಾಖ. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅನ್ನೋ ಗಾದೆ ನೀವೂ ಕೇಳಿರ್ತೀರಿ.

ಮೊದಮೊದಲು ನಾನು ಇದನ್ನ ಮೂಢನಂಬಿಕೆ ಖಾತೆಗೆ ಹಾಕಿದ್ದೆ. ಈಗ ಹಾಗನ್ನಿಸಲ್ಲ. ಇದು ಈ ವಾರದ ಮುನ್ಸೂಚನೆ ಅಲ್ಲ, ವರ್ಷವನ್ನ ಹದಿನಾಲ್ಕು ದಿನದ ತುಂಡು ಮಾಡಿ, ಯಾವ ತುಂಡಿನಲ್ಲಿ ಸಾಮಾನ್ಯವಾಗಿ ಏನಾಗುತ್ತೆ ಅಂತ ತಲೆತಲೆಮಾರಿನ ಅನುಭವ ಹಾಕಿಟ್ಟ ಪಟ್ಟಿ. ಹವಾಮಾನ ಇಲಾಖೆ ಮೂವತ್ತು, ಐವತ್ತು ವರ್ಷದ ಅಂಕಿ ಸೇರಿಸಿ "ವಾಡಿಕೆ" ಅನ್ನುತ್ತಲ್ಲ, ಅದರ ಅಣ್ಣ.

ಒಂದು ತಮಾಷೆ ಹೇಳ್ತೀನಿ. ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಹಾಗಾಗಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮಳೆ ನಕ್ಷತ್ರಗಳು ಋತುವಿನಿಂದ ಜಾರ್ತಾ ಹೋಗ್ತವೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದ್ರೆ ಒಂದು ಪೂರ್ತಿ ಮಳೆಯಷ್ಟು. ಯಾವುದಾದರೂ ಗಾದೆ ಅಷ್ಟು ಹಳೇದಾಗಿದ್ರೆ ಅದು ಹೇಳೋ ಮಳೆ ಈಗ ಹಿಂದಿನ ನಕ್ಷತ್ರಕ್ಕೆ ಸರಿದಿರಬೇಕು. ಅಪ್ಪನಿಗೆ ಇದನ್ನ ಬಹಳ ಉತ್ಸಾಹದಿಂದ ವಿವರಿಸಿದೆ. ಪೂರ್ತಿ ಕೇಳಿ, "ಹಂಗಾದ್ರೆ ಗಾದೆ ಅಪ್‌ಡೇಟ್ ಮಾಡಪ್ಪ, ನಿನ್ನ ಕೆಲಸ ಅದೇ ಅಲ್ವಾ" ಅಂದ್ರು.

ತಪ್ಪಿನ ಬೆಲೆ

ಇಷ್ಟೆಲ್ಲ ಕಲಿತ ಮೇಲೆ ಮುನ್ಸೂಚನೆ ಸರಿಯಾಗಿ ಹೇಳ್ತೀನಾ? ಹೋದ ವರ್ಷದ ಕಥೆ ಕೇಳಿ.

ಮತ್ತೆ ನವೆಂಬರ್, ಮತ್ತೆ ಬಲಿತ ರಾಗಿ, ಮತ್ತೆ ಆಳು ಸಿಕ್ಕಿದ್ದರು. ಮೆಷಿನ್ ಇದೆ ನಿಜ, ಆದ್ರೆ ಮೆಷಿನ್‌ನಲ್ಲಿ ಕುಯ್ಸಿದ್ರೆ ಹುಲ್ಲು ಹಾಳಾಗುತ್ತೆ, ಎರಡು ಹಸು ವರ್ಷಪೂರ್ತಿ ತಿನ್ನೋದು ಅದನ್ನೇ. ಹಾಗಾಗಿ ಕೈ ಕೊಯ್ಲೇ. ಬಂಗಾಳ ಕೊಲ್ಲಿಯಲ್ಲಿ ಒಂದು ಕುಸಿತ ರೂಪುಗೊಳ್ತಿತ್ತು. ಈ ಸಲ ನಾನು ಆ್ಯಪ್‌ನ ಒಂದು ಅಂಕಿ ನೋಡಿ ಬಿಡಲಿಲ್ಲ. ಇಲಾಖೆಯ ಬುಲೆಟಿನ್ ಓದಿದೆ, ಬೇರೆ ಬೇರೆ ಮಾದರಿಗಳ ನಕ್ಷೆ ತೆಗೆದೆ. ಕೆಲವು ಅದನ್ನ ಚೆನ್ನೈ ಕಡೆಗೆ ತಳ್ಳಿ ನಮ್ಮ ಮೇಲೆ ಮೋಡ ಹಾಯಿಸಿದ್ದವು, ಕೆಲವು ಆಂಧ್ರದ ಕಡೆಗೆ ತಿರುಗಿಸಿದ್ದವು.

ಹೀಗೆ ಯಾಕಾಗುತ್ತೆ ಅಂದ್ರೆ, ಶುರುವಿನ ಅಂಕಿಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ರೂ ದಿನ ಕಳೆದಂತೆ ಅದು ದೊಡ್ಡದಾಗುತ್ತೆ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಅನ್ನೋ ವಿಜ್ಞಾನಿ ಕಂಪ್ಯೂಟರಿಗೆ 0.506127 ಬದಲು 0.506 ಅಂತ ಹಾಕಿ ಕಾಫಿ ಕುಡಿದು ಬರೋಷ್ಟರಲ್ಲಿ ಬೇರೆಯದೇ ಹವಾಮಾನ ಬಂದಿತ್ತು. ರೌಂಡಿಂಗ್ ಎರರ್! ಹಾಗಾಗಿ ಈಗ ಒಂದೇ ಮಾದರಿಯನ್ನ ಸ್ವಲ್ಪ ಸ್ವಲ್ಪ ಬದಲಿಸಿದ ಅಂಕಿಗಳಿಂದ ಹಲವು ಸಲ ಓಡಿಸ್ತಾರೆ. ಎಲ್ಲವೂ ಒಂದೇ ದಾರಿ ತೋರಿಸಿದ್ರೆ ನಂಬಿಕೆ ಜಾಸ್ತಿ, ಚೆಲ್ಲಾಪಿಲ್ಲಿ ಆದ್ರೆ ಕಡಿಮೆ. ಅವತ್ತು ಚೆಲ್ಲಾಪಿಲ್ಲಿ ಆಗಿದ್ದವು.

ಅಪ್ಪನಿಗೆ ಅದನ್ನೇ ಹೇಳಿದೆ. "ಖಂಡಿತ ಗೊತ್ತಿಲ್ಲ ಅಪ್ಪಾ. ಬರಬಹುದು, ಬರದೇನೂ ಇರಬಹುದು. ಅರ್ಧ ಅರ್ಧ. ಬಂದ್ರೆ ಒಂದು ದಿನದ್ದಲ್ಲ, ಎರಡು ಮೂರು ದಿನ ಹಿಡಿಯೋ ಮಳೆ. ಇನ್ನೆರಡು ದಿನ ಕಾದ್ರೆ ನನಗೆ ಇದಕ್ಕಿಂತ ಚೆನ್ನಾಗಿ ಗೊತ್ತಾಗುತ್ತೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂತಿರೋ ರಾಗಿ ನಾಲ್ಕು ದಿನ ತಡೆಯುತ್ತೆ" ಅಂದು ಫೋನಿಟ್ಟರು. ಆಳುಗಳನ್ನ ವಾಪಸ್ ಕಳಿಸಿದರು.

ಮಳೆ ಬರಲಿಲ್ಲ. ಕುಸಿತ ಆಂಧ್ರದ ಕಡೆ ಹೋಯ್ತು. ಬಿಸಿಲು ಬಂತು, ಎರಡು ದಿನ ಮೋಡ ಬಂತು, ಮತ್ತೆ ಬಿಸಿಲು. ಆಳುಗಳು ಬೇರೆಯವರ ಹೊಲಕ್ಕೆ ಹೋಗಿ, ಮತ್ತೆ ಸಿಕ್ಕಿದ್ದು ಒಂಬತ್ತು ದಿನದ ಮೇಲೆ, ಅದೂ ತಲೆಗೆ ನೂರು ರೂಪಾಯಿ ಹೆಚ್ಚಿಗೆ ಕೂಲಿಗೆ. ಅಷ್ಟರಲ್ಲಿ ಗುಬ್ಬಿ, ಗಿಣಿ ತಮ್ಮ ಪಾಲು ತಗೊಂಡಿದ್ದವು, ಒಂದಷ್ಟು ಕಾಳು ಉದುರಿತ್ತು. ನಾನು ಫೋನ್ ಮಾಡಿ, "ಈ ಸಲವೂ ತಪ್ಪಾಯ್ತು ಅಪ್ಪಾ" ಅಂದೆ.

ಅಪ್ಪ ಅಂದಿದ್ದು ಇಷ್ಟು: "ತಪ್ಪೇನಿಲ್ಲ. ಹೋದ ಸಲ ನೀನು ಕುಯ್ಸು ಅಂದೆ. ಈ ಸಲ ಗೊತ್ತಿಲ್ಲ ಅಂದೆ. ಕಾಯಣ ಅಂದಿದ್ದು ನಾನು. ಮೂರು ಸಾವಿರ ಹೋಯ್ತು, ರಾಗಿ ಮನೇಲಿದೆ."

ಈ ಮಾತನ್ನ ನಾನು ಬಹಳ ದಿನ ಯೋಚನೆ ಮಾಡಿದೀನಿ. ಬೆಂಗಳೂರಲ್ಲಿ ಮುನ್ಸೂಚನೆ ತಪ್ಪಿದ್ರೆ ನನ್ನ ಶೂ ಒದ್ದೆ ಆಗುತ್ತೆ, ಇಲ್ಲ ಕೊಡೆ ಸುಮ್ಮನೆ ಹೊತ್ಕೊಂಡು ತಿರುಗ್ತೀನಿ. ಎರಡೂ ಕಡೆ ನಷ್ಟ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಶೇ. 50ರ ಮೇಲಿದ್ರೆ ಬರುತ್ತೆ, ಕೆಳಗಿದ್ರೆ ಇಲ್ಲ ಅಂತ ಓದೋ ಅಭ್ಯಾಸ ನಮಗೆ. ಅಪ್ಪನ ಹೊಲದಲ್ಲಿ ಹಾಗಲ್ಲ. ಒಂದು ಕಡೆ ತಪ್ಪಿದ್ರೆ ಮೂರು ಸಾವಿರ, ಇನ್ನೊಂದು ಕಡೆ ತಪ್ಪಿದ್ರೆ ಐವತ್ತನಾಲ್ಕು ಸಾವಿರ. ಅಂಥವರಿಗೆ ಶೇ. 20 ಸಾಧ್ಯತೆಯೂ ದೊಡ್ಡದೇ. 2021ರಲ್ಲಿ ನಾನು ನನ್ನ ಕೊಡೆಯ ಲೆಕ್ಕದಲ್ಲಿ ಅಪ್ಪನ ರಾಗಿಗೆ ಉತ್ತರ ಕೊಟ್ಟಿದ್ದೆ. ಯಾವ ಸೂಪರ್ ಕಂಪ್ಯೂಟರ್ ಬಂದ್ರೂ ಆ ಲೆಕ್ಕ ಅದು ಮಾಡಿಕೊಡಲ್ಲ, ಯಾಕಂದ್ರೆ ಯಾರ ಹೊಲದಲ್ಲಿ ಏನು ಬಿದ್ದಿದೆ ಅಂತ ಅದಕ್ಕೆ ಗೊತ್ತಿಲ್ಲ.

ನಿಮಗೂ ಊರಿಂದ ಇಂಥ ಫೋನ್ ಬರ್ತಿರಬಹುದು. ಅಡಿಕೆ ಅಂಗಳದಲ್ಲಿ ಒಣಗ್ತಿದೆ, ಮೆಣಸಿನಕಾಯಿ ಕಣದಲ್ಲಿದೆ, ಔಷಧಿ ಹೊಡೀಬೇಕು, ಮದುವೆಗೆ ಶಾಮಿಯಾನ ಹಾಕ್ಸಬೇಕು. ಆ್ಯಪ್ ತೆಗೆದು ಅಂಕಿ ಓದೋ ಮುಂಚೆ ಎರಡು ಪ್ರಶ್ನೆ ವಾಪಸ್ ಕೇಳಿ: ಎಷ್ಟು ದಿನ ಒಣ ಬೇಕು? ಮಳೆ ಬಂದ್ರೆ ಏನು ಹೋಗುತ್ತೆ? ಅದಾದ ಮೇಲೆ ಇಲಾಖೆಯ ಜಿಲ್ಲಾ ಮುನ್ಸೂಚನೆ ನೋಡಿ. ಇಲ್ಲಾಂದ್ರೆ ಆ ಯಲಹಂಕದ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಊರಿಂದಲೇ ಕರೆ ಮಾಡೋಕೆ ಹೇಳಿ, ಅಲ್ಲಿ ಕನ್ನಡದಲ್ಲೇ ಹೇಳ್ತಾರೆ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ನಿರ್ಧಾರ ಅವರದ್ದು, ನಮಗಿಂತ ಚೆನ್ನಾಗಿ ಮಾಡ್ತಾರೆ.

ಸಾಧ್ಯವಾದ್ರೆ ಒಂದು ಬಾಟ್ಲಿಯನ್ನೂ ಕತ್ತರಿಸಿ. ಬೆಂಗಳೂರಿನ ಟೆರೇಸ್ ಆದ್ರೂ ಪರವಾಗಿಲ್ಲ, ನೀರಿನ ಟ್ಯಾಂಕಿನಿಂದ ದೂರ ಇಡಿ.

ಇವತ್ತು ಬೆಳಗ್ಗೆಯೂ ಫೋನ್ ಬಂತು. ಮೂರು ಎಕರೆಯಲ್ಲಿ ಒಂದು ಎಕರೆ ಮೊದಲು ಕುಯ್ಸಿ ನೋಡೋಣ ಅಂತ ಅಪ್ಪನ ಯೋಚನೆ. ಹೀಗೆ ಭಾಗ ಮಾಡೋದು ನನಗೆ ಹೊಳೆದೇ ಇರಲಿಲ್ಲ. ನಾನು ಬುಲೆಟಿನ್ ತೆಗೀತಾ, "ಅಪ್ಪಾ, ಬಾಟ್ಲಿಯಲ್ಲಿ ಎಷ್ಟಿತ್ತು?" ಅಂದೆ.

"ಸೊನ್ನೆ. ಆದ್ರೆ ಇಬ್ಬನಿ ಜೋರಾಗಿ ಬಿದ್ದಿದೆ. ಈಗ ಹೇಳು, ಮಳೆ ಏನಂತಪ್ಪಾ?"